ಎಐ ನೆರವು ಪಡೆದ ಪ್ರಬಂಧ: ಎಲ್ಲಿ ಹೇಳಬೇಕು, ಹೇಗೆ ಹೇಳಬೇಕು

ಮಹಾಪ್ರಬಂಧದ ಕೊನೆಯಲ್ಲಿ ಬರುವ ಆಕರಗಳ ಪಟ್ಟಿಗೆ ಕನ್ನಡದಲ್ಲಿ ‘ಗ್ರಂಥಋಣ’ ಎಂಬ ಒಳ್ಳೆಯ ಹೆಸರಿದೆ. ಯಾರಿಂದ ಏನು ಪಡೆದೆವು ಎಂಬುದರ ಲೆಕ್ಕ ಅದು. ಓದುಗರು ಆ ಲೆಕ್ಕ ಹಿಡಿದು ಗ್ರಂಥಾಲಯಕ್ಕೆ ಹೋಗಿ, ಅದೇ ಪುಸ್ತಕದ ಅದೇ ಪುಟ ತೆರೆದು, ನಾವು ಹೇಳಿದ್ದು ಅಲ್ಲಿ ಇದೆಯೋ ಇಲ್ಲವೋ ನೋಡಬಹುದು. ಉಲ್ಲೇಖದ ಜೀವ ಇರುವುದೇ ಇದರಲ್ಲಿ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಮುಂತಾದ ಎಐ ಸಾಧನಗಳ ವಿಷಯ ಬಂದಾಗ ತೊಡಕು ಹುಟ್ಟುವುದೂ ಇಲ್ಲೇ. ಒಂದೇ ಪ್ರಶ್ನೆಗೆ ಇವತ್ತು ಒಂದು ಉತ್ತರ ಬರುತ್ತದೆ, ನಾಳೆ ಬೇರೊಂದು. ನಾಲ್ಕು ತಿಂಗಳಲ್ಲಿ ಆ ಆವೃತ್ತಿಯೇ ಬದಲಾಗಿರುತ್ತದೆ. ಓದುಗರು ತೆರೆದು ನೋಡಲು ಅಲ್ಲಿ ಪುಟವೇ ಇಲ್ಲ.

ಹಾಗಾಗಿ “ಎಐ ಬಳಸಿದ್ದೇನೆ, ಗ್ರಂಥಋಣದಲ್ಲಿ ಒಂದು ಸಾಲು ಸೇರಿಸಿದರೆ ಸಾಕಲ್ಲವೇ?” ಎಂದು ಕೇಳಿದರೆ ಹೌದು ಎನ್ನಲಾಗದು, ಅಲ್ಲ ಎನ್ನಲೂ ಆಗದು. ಆ ಸಾಧನ ನಿಮಗೆ ಯಾವ ಕೆಲಸ ಮಾಡಿಕೊಟ್ಟಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಹೇಳಬೇಕಾದ ಜಾಗ ಅದರಿಂದ ನಿರ್ಧಾರವಾಗುತ್ತದೆ.

ಲೇಖಕರ ಸಾಲಿನಲ್ಲಿ ಜಾಗವಿಲ್ಲ

ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೆಲವು ಸಂಶೋಧನಾ ಲೇಖನಗಳ ಸಹಲೇಖಕರ ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಂಡಿತು. 2023ರ ಜನವರಿಯಲ್ಲೇ ‘ನೇಚರ್’ ಪತ್ರಿಕೆ ಇಂಥ ಸಾಧನಗಳ ಹಿಂದಿರುವ ಭಾಷಾ ಮಾದರಿಗಳನ್ನು ಲೇಖಕರೆಂದು ಒಪ್ಪುವುದಿಲ್ಲ, ಬಳಸಿದ್ದರೆ ವಿಧಾನದ ಭಾಗದಲ್ಲೋ ಕೃತಜ್ಞತೆಯಲ್ಲೋ ಬರೆಯಿರಿ ಎಂದಿತು. ‘ಸೈನ್ಸ್’ ಪತ್ರಿಕೆ ಇನ್ನೂ ಬಿಗಿಯಾಗಿ, ಎಐ ಬರೆದ ಪಠ್ಯವನ್ನೇ ತೆಗೆದುಕೊಳ್ಳುವುದಿಲ್ಲ ಎಂದಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಆ ಬಿಗಿ ಸಡಿಲಿಸಿ, ಬಳಕೆಯನ್ನು ತಿಳಿಸಿದರೆ ಒಪ್ಪುತ್ತೇವೆ ಎಂಬ ನಿಲುವಿಗೆ ಬಂತು. 2023ರ ಫೆಬ್ರವರಿಯಲ್ಲಿ ಪ್ರಕಟಣೆಯ ನೀತಿ ನೋಡಿಕೊಳ್ಳುವ ಸಮಿತಿ ‘ಕೋಪ್’, ಮೇ ತಿಂಗಳಲ್ಲಿ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ‘ಐಸಿಎಂಜೆಇ’ ಕೂಡ ಎಐ ಲೇಖಕರಾಗಲಾರದು ಎಂದೇ ಹೇಳಿದವು. ಇದರಲ್ಲಿ ಈಗ ದೊಡ್ಡ ಪ್ರಕಾಶಕರ ನಡುವೆ ಭಿನ್ನಾಭಿಪ್ರಾಯ ಉಳಿದಿಲ್ಲ.

ಕಾರಣ ಸರಳ. ಐಸಿಎಂಜೆಇ ಪ್ರಕಾರ ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತುಗಳಿವೆ. ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಭಾಗಿಯಾಗಿರಬೇಕು, ಅಂತಿಮ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು, ಬರೆದದ್ದಕ್ಕೆಲ್ಲ ಹೊಣೆ ಹೊರಬೇಕು. ಮೊದಲ ಎರಡನ್ನು ಯಂತ್ರ ಮಾಡಿತು ಎಂದು ವಾದಿಸಬಹುದೇನೋ, ಕೊನೆಯ ಎರಡು ಅದರಿಂದಾಗದು. ತಪ್ಪು ಸಿಕ್ಕಾಗ ಸಂಪಾದಕರು ಯಾರಿಗೆ ಪತ್ರ ಬರೆಯುತ್ತಾರೆ, ವೈವಾದಲ್ಲಿ ಪರೀಕ್ಷಕರು ಯಾರನ್ನು ಪ್ರಶ್ನೆ ಕೇಳುತ್ತಾರೆ ಎಂದು ಯೋಚಿಸಿದರೆ ಸಾಕು.

ಈ ಹೊಣೆಯ ಮಾತು ಎಷ್ಟು ಗಟ್ಟಿ ಎಂಬುದು 2024ರ ಫೆಬ್ರವರಿಯಲ್ಲಿ ಗೊತ್ತಾಯಿತು. ಜೀವಕೋಶ ವಿಜ್ಞಾನದ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ‘ಮಿಡ್‌ಜರ್ನಿ’ ಎಂಬ ಎಐ ಸಾಧನದಿಂದ ಬರೆಸಿದ ಇಲಿಯ ಚಿತ್ರವಿತ್ತು. ಅಂಗಗಳೆಲ್ಲ ವಿಕಾರ, ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳು. ಚಿತ್ರ ಮಿಡ್‌ಜರ್ನಿಯದೆಂದು ಲೇಖಕರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಆದರೂ ಮೂರೇ ದಿನದಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಬಳಸಿದ್ದನ್ನು ಹೇಳಿಕೊಂಡರೂ ಪರಿಶೀಲಿಸುವ ಕರ್ತವ್ಯ ತಪ್ಪುವುದಿಲ್ಲ. ಹೇಳದೆ ಬಿಟ್ಟವರ ಕಥೆ ಬೇರೆ: ಚಾಟ್‌ಜಿಪಿಟಿಯ ಗುಂಡಿಯ ಮೇಲಿನ ‘ರೀಜನರೇಟ್ ರೆಸ್ಪಾನ್ಸ್’ ಎಂಬ ಎರಡು ಪದಗಳು ನಕಲಿನ ಜೊತೆ ಬಂದು ಲೇಖನದ ನಡುವೆಯೇ ಅಚ್ಚಾಗಿ, 2023ರಲ್ಲಿ ಭೌತವಿಜ್ಞಾನದ ಒಂದು ಲೇಖನ ರದ್ದಾಯಿತು.

ಕೆಲಸ ಮೂರು ಬಗೆ, ಜಾಗವೂ ಮೂರು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿ ಭಾಗದ ಅಡಿಕೆ ಬೆಳೆಗಾರರ ಸಾಲದ ಬಗ್ಗೆ ಒಬ್ಬರು ಪಿಎಚ್‌ಡಿ ಮಾಡುತ್ತಿದ್ದಾರೆ ಎಂದುಕೊಳ್ಳಿ. ಮೂವತ್ತು ಮಂದಿಯ ಸಂದರ್ಶನದ ಧ್ವನಿಮುದ್ರಣ ಇದೆ. ಅವರು ಎಐಯನ್ನು ಮೂರು ಕಡೆ ಬಳಸುತ್ತಾರೆ. ಧ್ವನಿಮುದ್ರಣವನ್ನು ಪಠ್ಯಕ್ಕೆ ಇಳಿಸಲು ಒಂದು ಸಾಧನ. ತಾವು ಬರೆದ ಇಂಗ್ಲಿಷ್ ಸಾರಾಂಶದ ವಾಕ್ಯಗಳನ್ನು ತಿದ್ದಿಸಲು ಇನ್ನೊಂದು. ಮೂರನೆಯದಾಗಿ, ಸಾಲದ ಬಗ್ಗೆ ಎಐ ಸಾಧನಗಳು ರೈತರಿಗೆ ಎಂಥ ಸಲಹೆ ಕೊಡುತ್ತವೆ ಎಂದು ಪರೀಕ್ಷಿಸಿ, ಆ ಉತ್ತರವನ್ನೇ ಪ್ರಬಂಧದಲ್ಲಿ ಎತ್ತಿ ಹೇಳುತ್ತಾರೆ.

ಮೊದಲನೆಯದು ಉಪಕರಣದ ಕೆಲಸ. ಮಣ್ಣು ಪರೀಕ್ಷೆಗೆ ಯಾವ ಯಂತ್ರ ಬಳಸಿದಿರಿ ಎಂದು ಬರೆಯುವಂತೆ ಇದನ್ನು ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಬರೆಯಬೇಕು. ದತ್ತಾಂಶ ಸಂಗ್ರಹ, ವಿಶ್ಲೇಷಣೆ, ಕೋಡ್ ಬರೆಸುವುದು, ಚಿತ್ರ ಅಥವಾ ನಕ್ಷೆ ತಯಾರಿಸುವುದು ಎಲ್ಲ ಈ ಬಗೆಗೆ ಸೇರುತ್ತವೆ. ಎರಡನೆಯದು ಬರವಣಿಗೆಯ ನೆರವು. ಅದರ ಜಾಗ ಕೃತಜ್ಞತೆಯ ಪುಟ, ಅಥವಾ ಪತ್ರಿಕೆ ಕೇಳುವ ಪ್ರತ್ಯೇಕ ಘೋಷಣೆ. ಮೂರನೆಯದು ಮಾತ್ರ ನಿಜವಾದ ಅರ್ಥದಲ್ಲಿ ಉಲ್ಲೇಖ: ಎಐ ಹೇಳಿದ ಮಾತೇ ಅಲ್ಲಿ ಅಧ್ಯಯನದ ವಸ್ತು. ಅದಕ್ಕೆ ಪಠ್ಯದಲ್ಲೋ ಅಡಿಟಿಪ್ಪಣಿಯಲ್ಲೋ ಉಲ್ಲೇಖ ಬೇಕು, ಶೈಲಿ ಕೇಳಿದರೆ ಪಟ್ಟಿಯಲ್ಲಿ ಸಾಲೂ ಬೇಕು.

ನಾಲ್ಕನೆಯ ಒಂದು ಬಳಕೆ ಇದೆ, ಅದು ಯಾವ ಜಾಗಕ್ಕೂ ಸೇರದು. “ಶಿರಸಿಯಲ್ಲಿ ಸಹಕಾರ ಸಂಘಗಳು ಯಾವಾಗ ಶುರುವಾದವು?” ಎಂದು ಎಐಯನ್ನು ಕೇಳಿ, ಬಂದ ಇಸವಿಯನ್ನು ಪ್ರಬಂಧದಲ್ಲಿ ಹಾಕಿ, ಆಕರ ಚಾಟ್‌ಜಿಪಿಟಿ ಎಂದು ಬರೆಯುವುದು. ಶೈಲಿ ಸರಿಯಿದ್ದರೂ ಸಂಶೋಧನೆಯ ದೃಷ್ಟಿಯಿಂದ ಇದು ತಪ್ಪು. ಆ ಇಸವಿ ಎಲ್ಲಿಂದ ಬಂತು ಎಂದು ಆ ಸಾಧನಕ್ಕೇ ಖಚಿತವಾಗಿ ಹೇಳಲು ಬರುವುದಿಲ್ಲ. ಮಾಹಿತಿಗೆ ಎಐ ದಾರಿ ತೋರಿಸಬಹುದು, ಆದರೆ ಸಂಘದ ವಾರ್ಷಿಕ ವರದಿ, ಗ್ಯಾಸೆಟಿಯರ್, ಸರ್ಕಾರಿ ದಾಖಲೆ ತೆರೆದು ನೋಡಿ ಅವುಗಳನ್ನೇ ಉಲ್ಲೇಖಿಸಬೇಕು. ದಾರಿ ತೋರಿಸಿದವರ ಹೆಸರನ್ನು ಊರಿನ ಹೆಸರೆಂದು ಬರೆಯುವುದಿಲ್ಲವಲ್ಲ.

ವಿಧಾನದ ಅಧ್ಯಾಯದಲ್ಲಿ ಎಷ್ಟು ವಿವರ

ಇನ್ನೊಬ್ಬರು ಅದೇ ಕೆಲಸವನ್ನು ಮತ್ತೆ ಮಾಡಿ ನೋಡಲು ಸಾಕಾಗುವಷ್ಟು ವಿವರ ಇರಬೇಕು. ಸಾಧನದ ಹೆಸರು, ತಯಾರಿಸಿದ ಸಂಸ್ಥೆ, ಆವೃತ್ತಿ, ಬಳಸಿದ ದಿನಾಂಕಗಳು, ಕೊಟ್ಟ ಪ್ರಾಂಪ್ಟ್ ಅಂದರೆ ಸೂಚನೆ, ಬದಲಾಯಿಸಿದ ಸೆಟ್ಟಿಂಗ್‌ಗಳು, ಫಲಿತಾಂಶವನ್ನು ಹೇಗೆ ಪರಿಶೀಲಿಸಿದಿರಿ, ಎಷ್ಟು ತಪ್ಪು ಸಿಕ್ಕಿತು. ಪ್ರಾಂಪ್ಟ್ ಉದ್ದವಿದ್ದರೆ ಅನುಬಂಧಕ್ಕೆ ಹಾಕಿ.

ನಮ್ಮ ಅಡಿಕೆ ಪ್ರಬಂಧದಲ್ಲಿ ಅದು ಹೀಗಿರಬಹುದು:

“ಮೂವತ್ತು ಸಂದರ್ಶನಗಳ ಧ್ವನಿಮುದ್ರಣವನ್ನು ಓಪನ್‌ಎಐ ಸಂಸ್ಥೆಯ ವಿಸ್ಪರ್ ಮಾದರಿಯ ಲಾರ್ಜ್-ವಿ3 ಆವೃತ್ತಿಯಿಂದ ಸಂಶೋಧಕರ ಕಂಪ್ಯೂಟರಿನಲ್ಲೇ ಪಠ್ಯಕ್ಕೆ ಇಳಿಸಲಾಯಿತು; ಧ್ವನಿಮುದ್ರಣವನ್ನು ಹೊರಗಿನ ಯಾವ ಸರ್ವರಿಗೂ ಕಳಿಸಿಲ್ಲ. ಪ್ರತಿ ಪಠ್ಯವನ್ನೂ ಸಂಶೋಧಕರು ಧ್ವನಿಯೊಂದಿಗೆ ಪೂರ್ತಿ ಹೋಲಿಸಿ ತಿದ್ದಿದ್ದಾರೆ. ಹವ್ಯಕ ಕನ್ನಡದ ರೂಪಗಳನ್ನೂ ಮೊತ್ತ, ವಿಸ್ತೀರ್ಣ, ಬಡ್ಡಿದರ ಸೂಚಿಸುವ ಅಂಕಿಗಳನ್ನೂ ಎರಡನೆಯ ಬಾರಿ ಕೇಳಿ ಖಚಿತಪಡಿಸಿಕೊಳ್ಳಲಾಗಿದೆ.”

ಕೊನೆಯ ವಾಕ್ಯ ಸುಮ್ಮನೆ ಸೇರಿಸಿದ್ದಲ್ಲ. ಇಂಥ ಸಾಧನಗಳು ಉಪಭಾಷೆಯ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ಎಳೆದುಬಿಡಬಹುದು. ಕುಂದಾಪುರದ, ಧಾರವಾಡದ, ಕೋಲಾರದ ಮಾತು ಹೋಗಿ ಪಠ್ಯಪುಸ್ತಕದ ಮಾತು ಬಂದಿರುತ್ತದೆ. ಜಾನಪದ ಅಥವಾ ಭಾಷಾವಿಜ್ಞಾನದ ಪ್ರಬಂಧಕ್ಕೆ ಇದು ದತ್ತಾಂಶವನ್ನೇ ಹಾಳು ಮಾಡಿದಂತೆ. ‘ಮೂರೂವರೆ ಎಕರೆ’ ಎಂದದ್ದು ‘ಮೂರು ಎಕರೆ’ ಆಗಬಹುದು. ಮಾತಿನ ನಡುವೆ ಮೌನವಿದ್ದ ಕಡೆ ಯಾರೂ ಆಡದ ಒಂದು ವಾಕ್ಯವನ್ನು ಸಾಧನ ತಾನೇ ತುಂಬುವುದೂ ಉಂಟು. ಓದುವಾಗ ಅದು ಸಹಜವಾಗಿಯೇ ಕಾಣುತ್ತದೆ. ಧ್ವನಿ ಕೇಳದೆ ಹಿಡಿಯಲು ಆಗದು.

ಧ್ವನಿಮುದ್ರಣ ಹೊರಗೆ ಹೋಗಿಲ್ಲ ಎಂಬ ಮಾತೂ ಮುಖ್ಯ. ಸಾಲಗಾರರೊಬ್ಬರು ನಿಮ್ಮನ್ನು ನಂಬಿ ಹೇಳಿದ ವಿಷಯವನ್ನು ಆನ್‌ಲೈನ್ ಸಾಧನಕ್ಕೆ ಏರಿಸುವ ಮುನ್ನ, ಒಪ್ಪಿಗೆ ಪತ್ರದಲ್ಲಿ ಆ ಮಾತು ಇತ್ತೇ ನೋಡಿ. ಬೇರೆಯವರ ಅನುದಾನದ ಅರ್ಜಿ ಪರಿಶೀಲನೆಗೆ ಬಂದಾಗ ಅದನ್ನು ಎಐಗೆ ಕೊಟ್ಟು ಅಭಿಪ್ರಾಯ ಬರೆಸುವುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ಅನುದಾನ ಪರಿಶೀಲಕರಿಗೆ 2023ರಲ್ಲೇ ನಿಷೇಧಿಸಿದೆ. ಅಲ್ಲಿ ತಿಳಿಸಿ ಬಳಸುತ್ತೇನೆ ಎಂಬ ರಿಯಾಯಿತಿಯೂ ಇಲ್ಲ.

ಎಐಯಿಂದ ಪಠ್ಯವನ್ನು ವರ್ಗೀಕರಿಸಿದ್ದರೆ, ಉದಾಹರಣೆಗೆ ಐನೂರು ಪತ್ರಿಕಾ ಸುದ್ದಿಗಳನ್ನು ‘ಬೆಲೆ’, ‘ಸಾಲ’, ‘ರೋಗ’ ಎಂದು ವಿಂಗಡಿಸಿದ್ದರೆ, ಒಂದಿಷ್ಟು ಸುದ್ದಿಗಳನ್ನು ಮನುಷ್ಯರೂ ವಿಂಗಡಿಸಿ ಎರಡೂ ಎಷ್ಟು ಹೊಂದುತ್ತವೆ ಎಂಬ ಅಂಕಿ ಕೊಡಿ. ಒಂದೇ ಪ್ರಾಂಪ್ಟನ್ನು ಎರಡು ಮೂರು ಸಲ ಓಡಿಸಿ ಉತ್ತರ ಬದಲಾಯಿತೇ ಎಂಬುದನ್ನೂ ಬರೆಯಿರಿ. ಇವೆರಡು ಇಲ್ಲದ ವರ್ಗೀಕರಣವನ್ನು ಒಳ್ಳೆಯ ಪರೀಕ್ಷಕರು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಕೃತಜ್ಞತೆಯ ಒಂದು ವಾಕ್ಯ

“ಈ ಪ್ರಬಂಧದ ರಚನೆಯಲ್ಲಿ ಎಐ ನೆರವು ಪಡೆಯಲಾಗಿದೆ” ಎಂಬ ವಾಕ್ಯ ಈಚೆಗೆ ಕಾಣಿಸುತ್ತಿದೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕಾಗುಣಿತ ತಿದ್ದಿಸಿದವರೂ ಇದನ್ನೇ ಬರೆಯಬಹುದು, ಇಡೀ ಅಧ್ಯಾಯ ಬರೆಸಿದವರೂ ಇದನ್ನೇ ಬರೆಯಬಹುದು. ಯಾವ ಸಾಧನ, ಯಾವ ಭಾಗಕ್ಕೆ, ಯಾವ ಕೆಲಸಕ್ಕೆ, ಆಮೇಲೆ ಯಾರು ನೋಡಿದರು ಎಂಬ ನಾಲ್ಕು ಸಂಗತಿ ಬಂದರೆ ವಾಕ್ಯಕ್ಕೆ ಅರ್ಥ ಬರುತ್ತದೆ: “ಎರಡನೆಯ ಮತ್ತು ಐದನೆಯ ಅಧ್ಯಾಯಗಳ ಇಂಗ್ಲಿಷ್ ಸಾರಾಂಶದ ವಾಕ್ಯರಚನೆ ತಿದ್ದಲು 2025ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಯನ್ನು (ಜಿಪಿಟಿ-4ಒ) ಬಳಸಿದ್ದೇನೆ. ವಾದ, ಅಂಕಿಅಂಶ, ಉಲ್ಲೇಖಗಳನ್ನು ಸೇರಿಸಲು ಬಳಸಿಲ್ಲ. ಪ್ರತಿ ಬದಲಾವಣೆಯನ್ನೂ ಮೂಲದೊಂದಿಗೆ ಹೋಲಿಸಿ ನೋಡಿದ್ದೇನೆ. ಉಳಿದಿರಬಹುದಾದ ತಪ್ಪುಗಳಿಗೆ ನಾನೇ ಹೊಣೆ.”

ಎಲ್ಸೆವಿಯರ್ ಪ್ರಕಾಶನ ತನ್ನ ಲೇಖಕರಿಂದ ಇದೇ ಅಚ್ಚಿನ ಘೋಷಣೆಯನ್ನು ಕೇಳುತ್ತದೆ ಮತ್ತು ಆಕರ ಪಟ್ಟಿಗೆ ಮುಂಚೆ ಪ್ರತ್ಯೇಕ ಶೀರ್ಷಿಕೆಯಡಿ ಅದನ್ನು ಇಡಿಸುತ್ತದೆ. ಎಂಜಿನಿಯರಿಂಗ್ ಪತ್ರಿಕೆಗಳನ್ನು ಹೊರತರುವ ಐಇಇಇ ಸಂಸ್ಥೆ ಕೃತಜ್ಞತೆಯ ಭಾಗದಲ್ಲಿ ಬರೆಯಲು ಹೇಳುತ್ತದೆ, ಲೇಖನದ ಯಾವ ಭಾಗಗಳಲ್ಲಿ ಎಐ ಪಠ್ಯವಿದೆ ಎಂದೂ ಗುರುತಿಸಬೇಕು. ಐಸಿಎಂಜೆಇ ನಿಯಮ ಅನುಸರಿಸುವ ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖನದ ಒಳಗೆ ಬರೆಯುವುದಲ್ಲದೆ ಸಂಪಾದಕರಿಗೆ ಕಳಿಸುವ ಪತ್ರದಲ್ಲೂ ತಿಳಿಸಬೇಕು.

ಬರೀ ಕಾಗುಣಿತ, ವಿರಾಮಚಿಹ್ನೆ ತಿದ್ದಿದ್ದಕ್ಕೂ ಹೇಳಬೇಕೇ? ಇಲ್ಲಿ ಪ್ರಕಾಶಕರು ಬೇರೆಬೇರೆ. ಎಲ್ಸೆವಿಯರ್‌ನಲ್ಲಿ ಸಾಮಾನ್ಯ ವ್ಯಾಕರಣ ಮತ್ತು ಕಾಗುಣಿತ ತಪಾಸಣೆಗೆ ಘೋಷಣೆ ಬೇಡ. ಸ್ಪ್ರಿಂಗರ್ ನೇಚರ್ ಇನ್ನೂ ಸ್ವಲ್ಪ ಮುಂದೆ ಹೋಗಿ, ಲೇಖಕರೇ ಬರೆದ ಪಠ್ಯದ ಭಾಷೆ, ಶೈಲಿ, ಓದಿನ ಸರಾಗತೆಯನ್ನು ಎಐಯಿಂದ ಸುಧಾರಿಸಿಕೊಂಡರೂ ತಿಳಿಸಬೇಕಿಲ್ಲ ಎನ್ನುತ್ತದೆ. ಅನುಮಾನ ಬಂದರೆ ಹೇಳಿಬಿಡುವುದು ಮೇಲು. ಒಂದು ವಾಕ್ಯ ಹೆಚ್ಚು ಬರೆದು ಕೆಟ್ಟವರಿಲ್ಲ.

ಉಲ್ಲೇಖದ ಮೂರು ಶೈಲಿ, ಮೂರು ಯೋಚನೆ

ಎಐ ಉತ್ತರವನ್ನೇ ಎತ್ತಿ ಹೇಳುವ ಸಂದರ್ಭದಲ್ಲಿ ಮಾತ್ರ ಇವು ಬೇಕಾಗುತ್ತವೆ. ಮೂರು ಶೈಲಿಗಳು ಮೂರು ರೂಪ ಕೊಡುವುದಕ್ಕೆ ಕಾರಣವಿದೆ. ಆ ಕಾರಣ ಹಿಡಿದರೆ ರೂಪ ತಾನಾಗಿ ನೆನಪಿರುತ್ತದೆ.

ಅಮೆರಿಕದ ಮನೋವಿಜ್ಞಾನ ಸಂಘದ ಎಪಿಎ ಶೈಲಿ ‘ಇದನ್ನು ಹೊರತಂದವರು ಯಾರು’ ಎಂದು ಕೇಳುತ್ತದೆ. ಅದಕ್ಕೆ ಸಾಫ್ಟ್‌ವೇರಿನಂತೆ ಕಂಪನಿಯೇ ಕರ್ತೃ. 2023ರಲ್ಲಿ ಅದು ಕೊಟ್ಟ ಮಾದರಿಯಂತೆ ಬರೆದರೆ:

ಓಪನ್‌ಎಐ. (2025). ಚಾಟ್‌ಜಿಪಿಟಿ (ಜಿಪಿಟಿ-4ಒ ಆವೃತ್ತಿ) [ದೊಡ್ಡ ಭಾಷಾ ಮಾದರಿ]. ಜಾಲತಾಣದ ವಿಳಾಸ.

ಪಠ್ಯದ ಒಳಗೆ (ಓಪನ್‌ಎಐ, 2025) ಎಂದಾಗುತ್ತದೆ. ಕೊಟ್ಟ ಪ್ರಾಂಪ್ಟನ್ನು ಪಠ್ಯದಲ್ಲೇ ಹೇಳಬೇಕು, ಉದ್ದದ ಉತ್ತರವನ್ನು ಅನುಬಂಧದಲ್ಲಿ ಪೂರ್ತಿ ಕೊಡಬಹುದು. ಇಲ್ಲಿ ಬಹಳ ಜನ ಎಡವುವುದು ಕರ್ತೃವಿನ ಜಾಗದಲ್ಲಿ ‘ಚಾಟ್‌ಜಿಪಿಟಿ’ ಎಂದು ಬರೆದು. ಅದು ಕೃತಿಯ ಹೆಸರಿನ ಜಾಗಕ್ಕೆ ಸೇರಬೇಕಾದದ್ದು.

ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಎಂಎಲ್‌ಎ ಶೈಲಿ ‘ಕೃತಿ ಯಾವುದು’ ಎಂದು ಕೇಳುತ್ತದೆ. ಕರ್ತೃವಿನ ಜಾಗವನ್ನು ಖಾಲಿ ಬಿಟ್ಟು, ಶೀರ್ಷಿಕೆಯ ಜಾಗಕ್ಕೆ ಪ್ರಾಂಪ್ಟನ್ನೇ ತರುತ್ತದೆ:

“ಸಹಕಾರ ಸಂಘದ ಸಾಲಕ್ಕೂ ಬ್ಯಾಂಕ್ ಸಾಲಕ್ಕೂ ಇರುವ ವ್ಯತ್ಯಾಸ ತಿಳಿಸಿ” ಪ್ರಾಂಪ್ಟ್. ಚಾಟ್‌ಜಿಪಿಟಿ, ಜಿಪಿಟಿ-4ಒ ಆವೃತ್ತಿ, ಓಪನ್‌ಎಐ, 12 ಮಾರ್ಚ್ 2025, ಜಾಲತಾಣದ ವಿಳಾಸ.

ಸಾಹಿತ್ಯ ವಿಭಾಗಗಳಲ್ಲಿ ಈ ರೂಪ ಹೆಚ್ಚು ಉಪಯುಕ್ತ. ಏನು ಕೇಳಿದ್ದಕ್ಕೆ ಆ ಉತ್ತರ ಬಂತು ಎಂಬುದು ಪಟ್ಟಿಯಲ್ಲೇ ಕಾಣುತ್ತದೆ.

ಷಿಕಾಗೊ ಶೈಲಿ ಇದನ್ನು ಖಾಸಗಿ ಪತ್ರ, ಫೋನ್ ಮಾತುಕತೆಗಳ ಸಾಲಿಗೆ ಸೇರಿಸುತ್ತದೆ. ಬೇರೆಯವರು ಹೋಗಿ ನೋಡಲಾರದ್ದನ್ನು ಗ್ರಂಥಋಣದಲ್ಲಿ ಏಕೆ ಇಡಬೇಕು ಎಂಬುದು ಅದರ ತರ್ಕ. ಆದ್ದರಿಂದ ಅಡಿಟಿಪ್ಪಣಿ ಸಾಕು: “ಚಾಟ್‌ಜಿಪಿಟಿ ಸಿದ್ಧಪಡಿಸಿದ ಪಠ್ಯ, ಓಪನ್‌ಎಐ, 12 ಮಾರ್ಚ್ 2025.” ಮಾತುಕತೆಗೆ ಎಲ್ಲರೂ ತೆರೆಯಬಹುದಾದ ಕೊಂಡಿ ಇದ್ದರೆ ಮಾತ್ರ ಪಟ್ಟಿಗೆ ಬರುತ್ತದೆ. ಮೂರರಲ್ಲಿ ಇದು ಅತ್ಯಂತ ಪ್ರಾಮಾಣಿಕವಾದ ಯೋಚನೆ ಎನಿಸುತ್ತದೆ.

ಕನ್ನಡದಲ್ಲಿ ಪ್ರಬಂಧ ಬರೆಯುವವರು ವಿಭಾಗದಲ್ಲಿ ರೂಢಿಯಲ್ಲಿರುವ ಅಡಿಟಿಪ್ಪಣಿ ಕ್ರಮವನ್ನೇ ಬಿಡದೆ ಅನುಸರಿಸಲಿ. ಸಾಧನ, ಆವೃತ್ತಿ, ಸಂಸ್ಥೆ, ದಿನಾಂಕ, ಪ್ರಾಂಪ್ಟ್ ಈ ಐದೂ ಬಂದಿರಲಿ. ಪ್ರಾಂಪ್ಟ್ ಕನ್ನಡದಲ್ಲಿ ಕೊಟ್ಟಿದ್ದರೆ ಕನ್ನಡದಲ್ಲೇ ಬರೆಯಿರಿ. ಭಾಷೆ ಬದಲಾದರೆ ಉತ್ತರವೂ ಬದಲಾಗುತ್ತದೆ.

ಇಲ್ಲದ ಲೇಖನ, ಇಲ್ಲದ ವಚನ

ಎಐ ಬಳಕೆಯಲ್ಲಿ ಪ್ರಬಂಧವನ್ನು ಮುಳುಗಿಸುವ ಮುಖ್ಯ ಅಪಾಯ ಇದು. ಆಕರಗಳನ್ನು ಕೊಡಿ ಎಂದು ಕೇಳಿದರೆ ಭಾಷಾ ಮಾದರಿ ಆಕರದಂತೆ ಕಾಣುವ ಸಾಲುಗಳನ್ನು ಕಟ್ಟಿಕೊಡುತ್ತದೆ. ಲೇಖಕರು ನಿಜ, ಪತ್ರಿಕೆಯೂ ನಿಜ. ಆ ಶೀರ್ಷಿಕೆಯ ಲೇಖನ ಮಾತ್ರ ಎಲ್ಲೂ ಇಲ್ಲ. ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುವ ಯಂತ್ರ ಅದು. ಕಪಾಟಿನಲ್ಲಿ ಪುಸ್ತಕ ಹುಡುಕುತ್ತಿಲ್ಲ. ಅಂತರಜಾಲ ಹುಡುಕಿ ಉತ್ತರಿಸುವ ಸಾಧನಗಳಲ್ಲಿ ಇದು ಕಡಿಮೆ. ಆದರೆ ಅಲ್ಲಿ ಇನ್ನೊಂದು ತಪ್ಪು ಬರುತ್ತದೆ: ಲೇಖನ ಇರುತ್ತದೆ, ಅದರಲ್ಲಿ ಆ ಮಾತು ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ಪರೀಕ್ಷೆ ಹೀಗೆ. ಲೇಖನಕ್ಕೆ ‘10’ರಿಂದ ಶುರುವಾಗುವ ಡಿಒಐ ಸಂಖ್ಯೆ (ಅಂತರಜಾಲದಲ್ಲಿ ಆ ಲೇಖನದ ಕಾಯಂ ಗುರುತು) ಇದ್ದರೆ ಅದನ್ನು ಡಿಒಐ ಜಾಲತಾಣದಲ್ಲಿ ಹಾಕಿ. ತೆರೆಯಲಿಲ್ಲವೆಂದರೆ ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ತೆರೆದರೆ ನಿರಾಳವಾಗಬೇಡಿ, ಬೇರೆ ಯಾವುದೋ ಲೇಖನಕ್ಕೆ ಹೋಗಿರಬಹುದು. ಲೇಖಕರು, ವರ್ಷ, ಶೀರ್ಷಿಕೆ, ಸಂಪುಟ, ಪುಟ ಐದನ್ನೂ ಹೋಲಿಸಿ. ಆಮೇಲೆ ಲೇಖನ ತೆರೆದು ನೀವು ಉಲ್ಲೇಖಿಸುವ ಮಾತು ಇರುವ ಪುಟ ಹುಡುಕಿ. ಕಣ್ಣಾರೆ ಓದದ ಯಾವುದನ್ನೂ ಪಟ್ಟಿಯಲ್ಲಿ ಇಡಬೇಡಿ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಡಿಒಐ ಸಿಗುವುದಿಲ್ಲ, ಅಪಾಯವಂತೂ ಹೆಚ್ಚು. ಕಾಯಕದ ಬಗ್ಗೆ ಬಸವಣ್ಣನವರ ವಚನ ಕೊಡು ಎಂದರೆ ಎಐ ಕೆಲವೊಮ್ಮೆ ಹೊಸದೊಂದನ್ನು ಹೊಸೆದು ಕೊನೆಗೆ ‘ಕೂಡಲಸಂಗಮದೇವಾ’ ಎಂದು ಅಂಟಿಸಿಬಿಡುತ್ತದೆ. ‘ಚೆನ್ನಮಲ್ಲಿಕಾರ್ಜುನ’ ಇದ್ದರೆ ಅಕ್ಕನದು, ‘ಗುಹೇಶ್ವರ’ ಇದ್ದರೆ ಅಲ್ಲಮನದು ಎಂದು ಅಂಕಿತ ನೋಡಿ ನಂಬುವ ರೂಢಿ ನಮ್ಮದು. ಅಂಕಿತ ಹಾಕುವುದು ಯಂತ್ರಕ್ಕೆ ಬಹಳ ಸುಲಭ. ಹನ್ನೆರಡನೆಯ ಶತಮಾನದ ವಚನದಲ್ಲಿ ‘ಸಮಾನತೆ’, ‘ವ್ಯಕ್ತಿತ್ವ’ದಂಥ ಈಚಿನ ಮಾತು ಕಂಡರೆ, ಗದ್ಯವನ್ನು ತುಂಡರಿಸಿ ಸಾಲು ಮಾಡಿದಂತಿದ್ದರೆ ಸಂಶಯಪಡಿ. ಸಂಶಯ ಬರದಿದ್ದರೂ ಕರ್ನಾಟಕ ಸರ್ಕಾರ ಹೊರತಂದ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿ ವಚನದ ಮೊದಲ ಸಾಲು ಹುಡುಕಿ, ಸಂಪುಟ ಮತ್ತು ವಚನ ಸಂಖ್ಯೆ ಬರೆದುಕೊಳ್ಳಿ. ಅಲ್ಲಿ ಸಿಗದ ವಚನವನ್ನು ಎಐ ಮಾತಿನ ಮೇಲೆ ಬಸವಣ್ಣನವರದೆಂದು ಬರೆಯುವುದು ಬಸವಣ್ಣನವರಿಗೂ ಮಾಡಿದ ಅನ್ಯಾಯ, ಮುಂದೆ ನಿಮ್ಮ ಪ್ರಬಂಧ ನೋಡಿ ಬರೆಯುವವರಿಗೂ ಮಾಡಿದ ಅನ್ಯಾಯ. ಶಾಸನಗಳಿಗೂ ಇದೇ ಮಾತು: ಪಾಠವನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟದಲ್ಲಿ ನೋಡದೆ ಎತ್ತಿಕೊಳ್ಳಬೇಡಿ.

ಅನುವಾದಕ್ಕೂ ಹೇಳಬೇಕು. ಕನ್ನಡ ಆಕರಗಳ ಮೇಲೆ ಇಂಗ್ಲಿಷಿನಲ್ಲಿ ಬರೆಯುವವರು ‘ಅನುವಾದ ಲೇಖಕರದು’ ಎಂದು ಅಡಿಟಿಪ್ಪಣಿ ಹಾಕುವುದು ಹಳೆಯ ಪದ್ಧತಿ. ಮೊದಲ ಕರಡನ್ನು ಗೂಗಲ್ ಟ್ರಾನ್ಸ್‌ಲೇಟ್ ಅಥವಾ ಚಾಟ್‌ಜಿಪಿಟಿ ಮಾಡಿ, ನೀವು ತಿದ್ದಿದ್ದರೆ ಆ ಟಿಪ್ಪಣಿ ನಿಜವಾಗುವುದಿಲ್ಲ. ‘ಯಂತ್ರಾನುವಾದದ ಕರಡನ್ನು ಮೂಲದೊಂದಿಗೆ ಹೋಲಿಸಿ ಲೇಖಕರು ಪರಿಷ್ಕರಿಸಿದ್ದು’ ಎಂದು ಬರೆದು ಮೂಲ ಕನ್ನಡವನ್ನೂ ಕೊಡಿ. ‘ಬಯಲು’, ‘ಅರಿವು’, ‘ಕಾಯಕ’ದಂಥ ಪದಗಳ ಮೇಲೆ ವಾದ ನಿಂತಿದ್ದರೆ ಆ ಭಾಗವನ್ನು ಯಂತ್ರಕ್ಕೆ ಬಿಡದಿರುವುದೇ ಸರಿ. ಅನುವಾದದ ಆಯ್ಕೆಯೇ ಅಲ್ಲಿ ವ್ಯಾಖ್ಯಾನ.

ಶೇಕಡಾ 10ರ ತಪ್ಪು ತಿಳಿವಳಿಕೆ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೃತಿಚೌರ್ಯಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳು ಆಧಾರ. ಬೇರೆ ಬರಹಗಳೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇದರಿಂದ ಎರಡು ತಪ್ಪು ತಿಳಿವಳಿಕೆ ಹುಟ್ಟಿವೆ. ಎಐ ಬರೆದದ್ದಕ್ಕೆ ಹೋಲಿಕೆ ಪ್ರಮಾಣ ಕಡಿಮೆ ಬರುತ್ತದೆ, ಹಾಗಾಗಿ ತೊಂದರೆಯಿಲ್ಲ ಎಂಬುದು ಒಂದು. ಹೋಲಿಕೆ ಹೆಚ್ಚು ಬಂದ ಪುಟಗಳನ್ನು ಎಐಗೆ ಕೊಟ್ಟು ಮಾತು ಬದಲಾಯಿಸಿದರೆ ಪಾರಾದೆವು ಎಂಬುದು ಇನ್ನೊಂದು.

ಆ ನಿಯಮದಲ್ಲಿ ಕೃತಿಚೌರ್ಯ ಎಂದರೆ ಬೇರೆಯವರ ಕೆಲಸವನ್ನಾಗಲಿ ವಿಚಾರವನ್ನಾಗಲಿ ತನ್ನದೆಂದು ತೋರಿಸುವುದು. ಮಾತು ಬದಲಾದರೂ ವಿಚಾರ ಅವರದೇ. ಹೆಸರು ಹೇಳದಿದ್ದರೆ ಅದು ಕಳವೇ. ಜೊತೆಗೆ, ಪ್ರಬಂಧ ತಾನೇ ಸಿದ್ಧಪಡಿಸಿದ್ದು, ತನ್ನ ಸ್ವಂತ ಕೃತಿ ಎಂದು ಪ್ರತಿ ವಿದ್ಯಾರ್ಥಿ ಬರೆದುಕೊಡಬೇಕೆಂದು ಅದೇ ನಿಯಮ ಹೇಳುತ್ತದೆ. ಹೋಲಿಕೆ ಸೊನ್ನೆ ಬಂದರೂ ಎಐ ಬರೆದ ಅಧ್ಯಾಯದ ಕೆಳಗೆ ಆ ಮಾತಿಗೆ ಸಹಿ ಹಾಕಿದರೆ ಸಹಿ ಸುಳ್ಳಾಗುತ್ತದೆ.

ಎಐ ಪತ್ತೆ ಸಾಧನಗಳ ಅಂಕಿಯನ್ನು ಗೈಡ್‌ಗಳು ತೀರ್ಪೆಂದು ತೆಗೆದುಕೊಳ್ಳಬಾರದು. ಓಪನ್‌ಎಐ ತಾನೇ ತಂದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ನಿಲ್ಲಿಸಿತು. ಸ್ಟ್ಯಾನ್‌ಫರ್ಡ್ ಸಂಶೋಧಕರು ಅದೇ ವರ್ಷ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಕೈಯಾರೆ ಬರೆದ 91 ಟೋಫೆಲ್ (ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆ) ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಪತ್ತೆ ಸಾಧನಗಳು ಎಐ ಬರಹವೆಂದು ತಪ್ಪಾಗಿ ಗುರುತಿಸಿದವು. ಸರಳ ಪದ, ಊಹಿಸಬಹುದಾದ ವಾಕ್ಯರಚನೆ ಇದ್ದರೆ ಅವಕ್ಕೆ ಯಂತ್ರದಂತೆ ಕಾಣುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಎಚ್ಚರಿಕೆಯಿಂದ ಇಂಗ್ಲಿಷ್ ಬರೆಯುವ ವಿದ್ಯಾರ್ಥಿಯೇ ಇಲ್ಲಿ ಸುಲಭವಾಗಿ ಸಿಕ್ಕಿಬೀಳುವುದು. ಕರಡುಗಳ ಹಳೆಯ ಪ್ರತಿಗಳು, ಟಿಪ್ಪಣಿ ಪುಸ್ತಕ, ಗೈಡ್ ತಿದ್ದಿದ ಪುಟಗಳನ್ನು ಇಟ್ಟುಕೊಂಡಿದ್ದರೆ ಆ ವಿದ್ಯಾರ್ಥಿಗೆ ಅದೇ ಸಾಕ್ಷಿ.

ಬಳಸುವ ದಿನದಿಂದಲೇ ದಾಖಲೆ

ಕೊನೆಗೆ ನೆನಪು ಮಾಡಿಕೊಂಡು ಬರೆಯಲು ಹೋದರೆ ಆವೃತ್ತಿಯೂ ದಿನಾಂಕವೂ ಸಿಗುವುದಿಲ್ಲ. ಶುರುವಿನಲ್ಲೇ ಒಂದು ಎಕ್ಸೆಲ್ ಹಾಳೆ ಮಾಡಿ: ದಿನಾಂಕ, ಸಾಧನ ಮತ್ತು ಆವೃತ್ತಿ, ಪ್ರಾಂಪ್ಟ್, ಉತ್ತರವನ್ನು ಉಳಿಸಿದ ಕಡತದ ಹೆಸರು, ಪ್ರಬಂಧದ ಯಾವ ಪುಟದಲ್ಲಿ ಬಳಸಿದೆ, ಏನು ಪರಿಶೀಲಿಸಿದೆ. ಉತ್ತರವನ್ನು ಪಿಡಿಎಫ್ ಮಾಡಿ ಇಡಿ. ಹಂಚಿಕೆಯ ಕೊಂಡಿಯೊಂದನ್ನೇ ನಂಬಬೇಡಿ, ಖಾತೆ ಅಳಿಸಿದರೆ ಅದೂ ಹೋಗುತ್ತದೆ.

ಕೆಲಸ ಶುರುಮಾಡುವ ಮುನ್ನ ಗೈಡ್‌ಗೆ ಒಂದು ಇಮೇಲ್ ಕಳಿಸಿ, ಯಾವ ಬಳಕೆಗೆ ಒಪ್ಪಿಗೆ ಇದೆ ಎಂದು ಬರಹದಲ್ಲಿ ಪಡೆಯಿರಿ. ಪತ್ರಿಕೆ ಅನುಮತಿಸಿದರೂ ವಿಭಾಗ ಬೇಡವೆಂದರೆ ಪ್ರಬಂಧಕ್ಕೆ ವಿಭಾಗದ ಮಾತೇ ಅಂತಿಮ. ತರಗತಿಯ ಅಸೈನ್‌ಮೆಂಟಿಗೆ ಮೇಷ್ಟ್ರ ಮಾತೇ ಅಂತಿಮ.

ಸಲ್ಲಿಸಿದ ಮೇಲೆ ಹೇಳುವುದು ಬಿಟ್ಟುಹೋಗಿದೆ ಎಂದು ಗೊತ್ತಾದರೆ ಕಾಯಬೇಡಿ. ವೈವಾ ಆಗಿಲ್ಲದಿದ್ದರೆ ಗೈಡ್ ಮೂಲಕ ತಿದ್ದುಪಡಿ ಪುಟ ಸೇರಿಸಲು ಕೇಳಬಹುದು. ಪತ್ರಿಕೆಗೆ ಕಳಿಸಿದ್ದರೆ ಸಂಪಾದಕರಿಗೆ ಪತ್ರ ಬರೆಯಿರಿ: ಲೇಖನದ ಸಂಖ್ಯೆ, ಸಾಧನ, ಯಾವ ಭಾಗ, ಫಲಿತಾಂಶದ ಮೇಲೆ ಪರಿಣಾಮ ಇದೆಯೇ ಇಲ್ಲವೇ, ಸೇರಿಸಬೇಕಾದ ವಾಕ್ಯ. ಪ್ರಕಟವಾಗಿದ್ದರೂ ತಿದ್ದುಪಡಿ ಪ್ರಕಟಿಸುವ ಅವಕಾಶ ಪತ್ರಿಕೆಗಳಲ್ಲಿ ಇದೆ. ಆ ಪತ್ರದ ಜೊತೆ ಎಕ್ಸೆಲ್ ಹಾಳೆಯ ಸಂಬಂಧಪಟ್ಟ ಸಾಲುಗಳನ್ನು ಲಗತ್ತಿಸಿ ಕಳಿಸಿ.